ಯುದ್ಧದಲ್ಲಿ ಗಾಯವಾಗಿತ್ತು, ಪದಕ ಬಂದಿಲ್ಲ: ತಡವಾಗಿಯಾದರೂ ಪರಾಕ್ರಮ ಪದಕಕ್ಕೆ ಅರ್ಜಿ ಹಾಕುವುದು ಹೇಗೆ

ಜಗಳೂರು, ಹೊಳಲ್ಕೆರೆ, ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿ ಮಿಲಿಟರಿಯಿಂದ ಬಂದು ಹೊಲ ತೋಟ ನೋಡಿಕೊಂಡಿರುವ ಕೆಲವರ ಮೈಯಲ್ಲಿ ಇವತ್ತಿಗೂ ಕಬ್ಬಿಣದ ಚೂರು ಇದೆ. ಚಳಿ ಬಿದ್ದಾಗ ಎಳೆಯುತ್ತದೆ ಅನ್ನುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಒಂದು ಕಾಲಿನ ಮೇಲೆ ಭಾರ ಹಾಕುತ್ತಾರೆ. ಪದಕದ ಮಾತು ತೆಗೆದರೆ ಮಾತ್ರ "ಅದೆಲ್ಲ ಆಫೀಸರುಗಳಿಗೆ ಬಿಡ್ರಿ" ಎಂದು ಕೈ ಬೀಸಿಬಿಡುತ್ತಾರೆ. ಅದು ತಪ್ಪು ತಿಳಿವಳಿಕೆ. ಗಾಯಾಳುಗಳಿಗೆಂದೇ ಒಂದು ಪದಕ ಇದೆ, ಅದಕ್ಕೆ ರ್‍ಯಾಂಕಿನ ಭೇದವಿಲ್ಲ, ಯಾರ ಶಿಫಾರಸೂ ಬೇಕಾಗಿಲ್ಲ.

ನಾನು ಸೈನ್ಯದಲ್ಲಿ ಕ್ಲರ್ಕ್ ಕೆಲಸ ಮಾಡಿದವನು. ಈಗ ದಾವಣಗೆರೆಯಲ್ಲಿದ್ದುಕೊಂಡು ಪರಿಚಯದವರಿಗೆ ಇಂಥ ಅರ್ಜಿ ಬರೆದುಕೊಡುತ್ತೇನೆ. ಅರ್ಜಿ ಓದುವ ಮೇಜಿನ ಆ ಬದಿಯಲ್ಲಿ ಕೂತಿದ್ದವನಾಗಿ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ಪದಕ ಸಿಗುವುದು ಗಾಯದ ಕಥೆಗಲ್ಲ, ಗಾಯದ ದಾಖಲೆಗೆ. ಅಂದು ಬೆಟ್ಟ ಹತ್ತಿದ್ದು ಹೇಗೆ, ಪಕ್ಕದಲ್ಲಿ ಯಾರು ಬಿದ್ದರು ಎಂದು ನಾಲ್ಕು ಪುಟ ಬರೆದವರ ಅರ್ಜಿ ಮೂಲೆ ಸೇರುತ್ತದೆ. ತಾರೀಕು, ಜಾಗ, ಆಸ್ಪತ್ರೆ, ಆರ್ಡರ್ ನಂಬರ್ ಕೊಟ್ಟವರ ಒಂದು ಪುಟದ ಅರ್ಜಿಗೆ ಉತ್ತರ ಬರುತ್ತದೆ. ಕೆಳಗೆ ಹೇಳುವುದೆಲ್ಲ ಆ ಒಂದು ಪುಟ ತಯಾರು ಮಾಡುವ ಬಗೆ.

ಪದಕ ಯಾವುದು, ಯಾರಿಗೆ

ಭಾರತ ಸರ್ಕಾರ 1973ರಲ್ಲಿ ಈ ಪದಕವನ್ನು ಸ್ಥಾಪಿಸಿತು. ಸೈನ್ಯದ ಕಾಗದಗಳಲ್ಲಿ ವೂಂಡ್ ಮೆಡಲ್ ಎಂದು ಇರುತ್ತದೆ, ಹಿಂದಿಯಲ್ಲಿ ಪರಾಕ್ರಮ ಪದಕ. ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ. ಯಾವುದೇ ಕಾರ್ಯಾಚರಣೆಯಲ್ಲಾಗಲಿ, ಬಂಡಾಯ ನಿಗ್ರಹದ ಕೆಲಸದಲ್ಲಾಗಲಿ, ಶತ್ರುವಿನ ನೇರ ದಾಳಿಯಿಂದ ಗಾಯವಾಗಿದ್ದರೆ ಅರ್ಹತೆ ಬರುತ್ತದೆ. ಭೂಸೇನೆ, ನೌಕಾಪಡೆ, ವಾಯುಪಡೆ, ಟೆರಿಟೋರಿಯಲ್ ಆರ್ಮಿ ಎಲ್ಲಕ್ಕೂ ಇದು ಅನ್ವಯ. ಶತ್ರು ಹೊಡೆದುರುಳಿಸಿದ ವಿಮಾನದಿಂದ ಹಾರಿ ಗಾಯಗೊಂಡವರೂ ಸೇರುತ್ತಾರೆ.

‘ಶತ್ರುವಿನ ನೇರ ದಾಳಿ’ ಎಂಬುದನ್ನು ಎರಡು ಸಲ ಓದಿ. ಅರ್ಧಕ್ಕರ್ಧ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಗುಂಡು, ಶೆಲ್ಲಿನ ಚೂರು, ಶತ್ರು ಹೂತಿಟ್ಟ ಮೈನ್, ಉಗ್ರರ ಐಇಡಿ (ಕೈಯಲ್ಲೇ ಕಟ್ಟಿದ ಬಾಂಬು), ಇವೆಲ್ಲ ಒಳಗೆ ಬರುತ್ತವೆ. ಕಾರ್ಯಾಚರಣೆ ಪ್ರದೇಶದಲ್ಲಿ ಗಾಡಿ ಮಗುಚಿ ಕಾಲು ಮುರಿದದ್ದು, ಸಿಯಾಚಿನ್ ಹಿಮದಲ್ಲಿ ಬೆರಳು ಕಳೆದುಕೊಂಡದ್ದು ಕಡಿಮೆ ನೋವೇನಲ್ಲ. ಪಿಂಚಣಿ ವಿಚಾರದಲ್ಲಿ ಅವಕ್ಕೆ ಬೇರೆ ಲೆಕ್ಕವಿದೆ, ಈ ಪದಕದ ವ್ಯಾಖ್ಯೆಯೊಳಗೆ ಮಾತ್ರ ಬರುವುದಿಲ್ಲ. ಅಂಥವರಿಗೆ ನಾನು ಅರ್ಜಿ ಬರೆದುಕೊಡುವುದಿಲ್ಲ, ಅವರ ಅಂಗವೈಕಲ್ಯ ಪಿಂಚಣಿ ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತೇನೆ.

ಇನ್ನೊಂದು ಗೊಂದಲ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಗಡಿಗೆ ಸೈನ್ಯ ಜಮಾಯಿಸಿದ್ದಕ್ಕೆ ಆಪರೇಷನ್ ಪರಾಕ್ರಮ್ ಎಂದು ಹೆಸರು. ಅದರಲ್ಲಿದ್ದವರಿಗೆ ಆಪರೇಷನ್ ಪರಾಕ್ರಮ್ ಮೆಡಲ್ ಕೊಟ್ಟರು. ಅದಕ್ಕೂ ಪರಾಕ್ರಮ ಪದಕಕ್ಕೂ ಸಂಬಂಧವಿಲ್ಲ. ಅರ್ಜಿಯಲ್ಲಿ ಬರೀ ‘ಪರಾಕ್ರಮ್ ಮೆಡಲ್’ ಎಂದು ಬರೆದರೆ ‘ನೀವು ಆ ಅವಧಿಯಲ್ಲಿ ಸೇವೆಯಲ್ಲಿರಲಿಲ್ಲ’ ಎಂಬ ಉತ್ತರ ಬಂದೀತು. ಇಂಗ್ಲಿಷಿನಲ್ಲಿ ಬರೆಯುವಾಗ ವೂಂಡ್ ಮೆಡಲ್ ಎಂದೇ ಬರೆಯಿರಿ.

1965, 1971ರ ಯುದ್ಧಗಳಲ್ಲಿ ಗಾಯಗೊಂಡವರು, ಅಂದರೆ ಪದಕ ಹುಟ್ಟುವ ಮುಂಚಿನವರು, ನೇರವಾಗಿ ಪದಕ ಕೇಳುವ ಬದಲು ‘ಈ ತಾರೀಕಿನ ಗಾಯಕ್ಕೆ ನನಗೆ ಅರ್ಹತೆ ಇದೆಯೇ’ ಎಂದು ಮೊದಲ ಪತ್ರದಲ್ಲೇ ಲಿಖಿತ ಉತ್ತರ ಕೇಳುವುದು ಒಳ್ಳೆಯದು. ಉಳಿದವರಿಗೆ, ಅಂದರೆ ಶ್ರೀಲಂಕಾದ ಆಪರೇಷನ್ ಪವನ್, ಪಂಜಾಬ್, ಕಾಶ್ಮೀರ, ಈಶಾನ್ಯ, 1999ರ ಕಾರ್ಗಿಲ್ ಕಂಡವರಿಗೆ, ಈ ಪ್ರಶ್ನೆಯಿಲ್ಲ.

ಹಂತ 1: ಮನೆಯ ಟ್ರಂಕು ತೆಗೆಯಿರಿ

ಕಪ್ಪು ಬಣ್ಣದ, ಮೇಲೆ ಬಿಳಿ ಅಕ್ಷರದಲ್ಲಿ ನಂಬರ್ ಬರೆದ ಟ್ರಂಕು ಮಾಜಿ ಸೈನಿಕರ ಮನೆಯ ಅಟ್ಟದಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಏನು ಹುಡುಕಬೇಕು ಹೇಳುತ್ತೇನೆ.

ಮೊದಲನೆಯದು ಡಿಸ್ಚಾರ್ಜ್ ಬುಕ್, ಅಂದರೆ ಸೇವೆ ಬಿಡುವಾಗ ಸೈನ್ಯ ಕೊಟ್ಟ ಪುಸ್ತಕ. ಅದರಲ್ಲಿ ಪದಕಗಳ ಕಾಲಂ ನೋಡಿ. ವೂಂಡ್ ಮೆಡಲ್ ಅಲ್ಲೇ ನಮೂದಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಪದಕ ಮಂಜೂರಾಗಿದೆ, ಕೈಗೆ ಬಂದಿಲ್ಲ ಅಷ್ಟೇ. ಹೀಗೆ ಆಗುವುದುಂಟು. ಗಾಯಾಳು ಆಸ್ಪತ್ರೆಯಿಂದ ಡಿಪೋಗೆ, ಡಿಪೋದಿಂದ ಮನೆಗೆ ಹೋಗಿರುತ್ತಾನೆ, ಪದಕ ಯೂನಿಟ್ಟಿನ ಹಿಂದೆ ಅಲೆದು ವಾಪಸ್ ಹೋಗಿರುತ್ತದೆ. ನಮೂದಿಲ್ಲದಿದ್ದರೂ ಆ ಕಾಲಂನಿಂದ ಉಪಯೋಗವಿದೆ. ಆಪರೇಷನ್ ವಿಜಯ್ ಸ್ಟಾರ್ ಇದ್ದರೆ ಕಾರ್ಗಿಲ್ ಕದನ ವಲಯದಲ್ಲಿ ಇದ್ದಿರಿ ಎಂಬುದಕ್ಕೆ ಅದೇ ಪುರಾವೆ. ಬರೀ ಆಪರೇಷನ್ ವಿಜಯ್ ಮೆಡಲ್ ಇದ್ದರೆ ಅಷ್ಟು ಗಟ್ಟಿಯಾಗುವುದಿಲ್ಲ. 1971ರವರಿಗೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಇದೇ ರೀತಿ ಯಾವ ರಂಗದಲ್ಲಿದ್ದಿರಿ ಎಂದು ಹೇಳುತ್ತವೆ.

ಎರಡನೆಯದು ವೈದ್ಯಕೀಯ ಕಾಗದ. ಮಿಲಿಟರಿ ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಇಂಜುರಿ ರಿಪೋರ್ಟ್ (ಫಾರಂ ಐಎಎಫ್‌ವೈ-2006), ಮೆಡಿಕಲ್ ಬೋರ್ಡ್ ನಡಾವಳಿ (ಎಎಫ್‌ಎಂಎಸ್‌ಎಫ್-15 ಅಥವಾ 16). ಇವುಗಳಲ್ಲಿ ಯಾವುದೇ ಒಂದು ಸಿಕ್ಕರೂ ಚಿನ್ನ. ಅಕ್ಷರ ಮಸುಕಾಗಿರುತ್ತದೆ, ಕಾರ್ಬನ್ ಪ್ರತಿ ಬೇರೆ. ಕಿಟಕಿ ಬೆಳಕಿಗೆ ಹಿಡಿದು ಓದಿ. ‘ಜಿಎಸ್‌ಡಬ್ಲ್ಯೂ’ ಎಂದಿದ್ದರೆ ಗುಂಡೇಟು. ‘ಸ್ಪ್ಲಿಂಟರ್’ ಎಂದಿದ್ದರೆ ಶೆಲ್ ಅಥವಾ ಗ್ರೆನೇಡ್ ಚೂರು. ಎಲ್ಲೋ ಅಂಚಿನಲ್ಲಿ ‘ಬಿಸಿ’ ಎಂಬ ಎರಡು ಅಕ್ಷರ ಇದ್ದರೆ ಬ್ಯಾಟಲ್ ಕ್ಯಾಶುಯಲ್ಟಿ, ಅಂದರೆ ಕದನದ ಗಾಯಾಳು. ಆ ಎರಡು ಅಕ್ಷರವೇ ನಿಮ್ಮ ಅರ್ಜಿಯ ಬೆನ್ನೆಲುಬು. ‘ಪಿಸಿ’ ಎಂದಿದ್ದರೆ ಫಿಸಿಕಲ್ ಕ್ಯಾಶುಯಲ್ಟಿ, ಅಂದರೆ ಕದನಕ್ಕೆ ಸಂಬಂಧಿಸದ ಗಾಯ. ಆಗ ಮೊದಲು ಆ ವರ್ಗೀಕರಣವನ್ನೇ ಪ್ರಶ್ನಿಸಬೇಕಾಗುತ್ತದೆ.

ಮೆಡಿಕಲ್ ಬೋರ್ಡ್ ಕಾಗದದಲ್ಲಿ ‘ಅಟ್ರಿಬ್ಯೂಟಬಲ್ ಟು ಸರ್ವಿಸ್’, ಅಂದರೆ ಸೇವೆಯಿಂದಾದದ್ದು, ಎಂದು ಬರೆದದ್ದನ್ನು ತೋರಿಸಿ "ಇದೇ ಸಾಕಲ್ರೀ" ಅನ್ನುವವರಿದ್ದಾರೆ. ಸಾಲದು. ಯೂನಿಟ್ ವಾಲಿಬಾಲ್ ಆಡುವಾಗ ಮೊಣಕಾಲು ತಿರುಚಿಕೊಂಡವನ ಕಾಗದದಲ್ಲೂ ಅದೇ ಮಾತು ಬರೆಯುತ್ತಾರೆ. ಪಿಂಚಣಿಗೆ ಅದು ಸಾಕು. ಪದಕಕ್ಕೆ ಶತ್ರುವಿನ ಕೈ ಕಾಣಬೇಕು.

ಮೂರನೆಯದು, ಬಹಳ ಮಂದಿ ಕಡೆಗಣಿಸುವುದು, ಮನೆಯವರ ಕಾಗದ. ಗಾಯದ ಸುದ್ದಿ ಹೊತ್ತು ಬಂದ ಟೆಲಿಗ್ರಾಂ. ಆಸ್ಪತ್ರೆಯಿಂದ ಬರೆದ ನೀಲಿ ಇನ್‌ಲ್ಯಾಂಡ್ ಲೆಟರ್, ಅದರ ಮೇಲಿನ ಅಂಚೆ ಮುದ್ರೆಯ ತಾರೀಕು. ಅಜ್ಜಿ ಇಂಥದ್ದನ್ನು ಸೀರೆ ಗಂಟಿನಲ್ಲಿ ಕಟ್ಟಿಟ್ಟಿರುತ್ತಾರೆ, ಕೇಳಿ ನೋಡಿ. ಟೆಲಿಗ್ರಾಂ ಕಳಿಸಿದ್ದು ರೆಕಾರ್ಡ್ ಆಫೀಸೇ (ನಿಮ್ಮ ಕಡತ ಇಟ್ಟಿರುವ ಸೈನ್ಯದ ಕಚೇರಿ) ಆಗಿದ್ದರೆ ಅದರಲ್ಲೊಂದು ಉಲ್ಲೇಖ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಅದನ್ನು ಯಥಾವತ್ತು ನಮೂದಿಸಿ.

ಸಿಕ್ಕ ಕಾಗದವನ್ನು ಕೋರ್ಟ್ ಮುಂದಿನ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಬೇಡಿ. ಹಳೆಯ ಶಾಯಿ ಬಿಸಿಗೆ ಹರಡುತ್ತದೆ, ಆಮೇಲೆ ಹಿಂದಿನ ಮುದ್ರೆ ಓದಲು ಬರುವುದಿಲ್ಲ. ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿ ಪ್ಲಾಸ್ಟಿಕ್ ಫೋಲ್ಡರಿನಲ್ಲಿಡಿ. ಮೂಲ ಪ್ರತಿಯನ್ನು ಅಂಚೆಯಲ್ಲಿ ಯಾರಿಗೂ ಕಳಿಸಬೇಡಿ, ರೆಕಾರ್ಡ್ ಆಫೀಸ್ ಕೇಳಿದರೂ ಮೊದಲು ದೃಢೀಕರಿಸಿದ ಜೆರಾಕ್ಸ್ ಕಳಿಸಿ.

ಹಂತ 2: ಹೆಸರು, ಊರು, ಜಿಲ್ಲೆ ಹೊಂದಿಸಿಕೊಳ್ಳಿ

ನಮ್ಮ ಭಾಗದವರಿಗೆ ಇದು ವಿಶೇಷ ತಲೆನೋವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಭರ್ತಿಯಾದವರ ಸೈನ್ಯದ ಕಾಗದದಲ್ಲಿ ದಾವಣಗೆರೆ, ಹರಿಹರ, ಜಗಳೂರಿನವರಿಗೆ ಜಿಲ್ಲೆ ಚಿತ್ರದುರ್ಗ ಎಂದಿರುತ್ತದೆ. ಹೊನ್ನಾಳಿ, ಚನ್ನಗಿರಿಯವರಿಗೆ ಶಿವಮೊಗ್ಗ. 1973ರ ನವೆಂಬರ್‌ಗಿಂತ ಮೊದಲು ಸೇರಿದವರಿಗೆ ರಾಜ್ಯವೂ ಮೈಸೂರು. ಈಗಿನ ಆಧಾರ್ ಕಾರ್ಡಿನಲ್ಲಿ ಇವು ಯಾವುವೂ ಹಾಗಿಲ್ಲ. ದೂರದ ಊರಿನ ಕ್ಲರ್ಕಿಗೆ ಚಿತ್ರದುರ್ಗವೂ ದಾವಣಗೆರೆಯೂ ಒಂದೇ ಕಡೆಯವು ಎಂದು ಗೊತ್ತಿರುವುದಿಲ್ಲ. ಬೇರೆ ಯಾರೋ ಅರ್ಜಿ ಹಾಕಿದ್ದಾರೆ ಎಂದುಕೊಂಡು ಗುರುತಿನ ಪುರಾವೆ ಕೇಳಿ ಪತ್ರ ಬರೆಯುತ್ತಾನೆ, ಅಲ್ಲಿಗೆ ಎರಡು ಮೂರು ತಿಂಗಳು ಹೋಯಿತು. ಅರ್ಜಿಯಲ್ಲೇ ಒಂದು ಸಾಲು ಹಾಕಿ: ‘ಭರ್ತಿಯಾದಾಗ ನನ್ನ ಊರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದೆ.’

ಹೆಸರಿನ ಕಥೆ ಇನ್ನೂ ದೊಡ್ಡದು. ನಾಯಕನಹಟ್ಟಿ ಸುತ್ತ ಮನೆಗೊಬ್ಬ ತಿಪ್ಪೇಸ್ವಾಮಿ. ಭರ್ತಿ ರ್‍ಯಾಲಿಯಲ್ಲಿ ಹಿಂದಿ ಮಾತಾಡುವ ಬರಹಗಾರ ಅದನ್ನು ಹೇಗೆ ಕೇಳಿಸಿಕೊಂಡನೋ ಹಾಗೆ ಬರೆದಿರುತ್ತಾನೆ. ಎಚ್ ಇಲ್ಲ, ಡಬ್ಲ್ಯೂ ಬದಲು ವಿ, ಕೊನೆಗೆ ವೈ ಬದಲು ಐ. ಇನಿಷಿಯಲ್ ಕೆಲವೆಡೆ ಮುಂದೆ, ಕೆಲವೆಡೆ ಹಿಂದೆ, ಕೆಲವೆಡೆ ಇಲ್ಲವೇ ಇಲ್ಲ. ನಿಯಮ ಸರಳ: ಅರ್ಜಿಯಲ್ಲಿ ಸೈನ್ಯದ ದಾಖಲೆಯಲ್ಲಿರುವ ಕಾಗುಣಿತವನ್ನೇ ಬಳಸಿ, ತಪ್ಪಿದ್ದರೂ ಸರಿಯೆ. ಆಧಾರ್‌ನಲ್ಲಿ ಬೇರೆ ಇದ್ದರೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಜೊತೆಗಿಡಿ. ಇದೇ ನೆಪದಲ್ಲಿ ಸೈನ್ಯದ ದಾಖಲೆಯ ಹೆಸರು ತಿದ್ದಿಸಲು ಹೊರಡಬೇಡಿ. ಅದು ಬೇರೆ ಯುದ್ಧ.

ಎಲ್ಲಕ್ಕಿಂತ ಮುಖ್ಯ ಸರ್ವಿಸ್ ನಂಬರ್. ಕೊನೆಯ ಇಂಗ್ಲಿಷ್ ಅಕ್ಷರ ಬಿಟ್ಟು ಬರೆಯುವವರಿದ್ದಾರೆ. ಅದು ಅಲಂಕಾರಕ್ಕಿಲ್ಲ, ನಂಬರ್ ತಪ್ಪಾಗಿಲ್ಲವೆಂದು ತಾಳೆ ನೋಡುವ ಅಕ್ಷರ. ಡಿಸ್ಚಾರ್ಜ್ ಬುಕ್ ಇಲ್ಲದಿದ್ದರೆ ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶ) ಅಥವಾ ಸ್ಪರ್ಶ್ ಪಿಂಚಣಿ ಖಾತೆಯಲ್ಲಿ ಪೂರ್ತಿ ನಂಬರ್ ಸಿಗುತ್ತದೆ. ಸೇವೆಯ ನಡುವೆ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಆದವರು ಎರಡೂ ನಂಬರ್ ಕೊಡಬೇಕು, ಯಾಕೆಂದರೆ ಗಾಯವಾದಾಗಿನ ದಾಖಲೆ ಹಳೆಯ ನಂಬರಿನಲ್ಲಿರುತ್ತದೆ.

ಹಂತ 3: ಯಾವ ರೆಕಾರ್ಡ್ ಆಫೀಸ್

ದೆಹಲಿಗೆ, ರಕ್ಷಣಾ ಸಚಿವರಿಗೆ, ರಾಷ್ಟ್ರಪತಿಗಳಿಗೆ ಬರೆದರೆ ಬೇಗ ಆಗುತ್ತದೆ ಎಂಬುದು ಹಳೆಯ ನಂಬಿಕೆ. ಆ ಪತ್ರ ಸುತ್ತಿ ಬಳಸಿ ಬಂದು ಸೇರುವುದು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೇ. ಜವಾನರಿಂದ ಜೆಸಿಓವರೆಗಿನವರ ಕಡತ ಇರುವುದು ಅಲ್ಲಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ. ತೋಪಿನವರದು, ಅಂದರೆ ಆರ್ಟಿಲರಿಯದು, ನಾಸಿಕ್ ರೋಡ್. ಸಿಗ್ನಲ್ಸ್‌ನದು ಜಬಲ್ಪುರ, ಇಎಂಇಯದು ಸಿಕಂದರಾಬಾದ್. ಅಧಿಕಾರಿಗಳ ಕಡತ ದೆಹಲಿಯ ಸೇನಾ ಮುಖ್ಯ ಕಚೇರಿಯಲ್ಲಿ, ನೌಕಾಪಡೆಯ ನಾವಿಕರದು ಮುಂಬೈಯಲ್ಲಿ, ವಾಯುಪಡೆಯ ಏರ್‌ಮನ್‌ಗಳದು ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿ.

ಗಾಯವಾದಾಗ ಬೇರೆ ಯೂನಿಟ್ಟಿಗೆ, ಉದಾಹರಣೆಗೆ ರಾಷ್ಟ್ರೀಯ ರೈಫಲ್ಸ್‌ಗೆ, ಡೆಪ್ಯುಟೇಷನ್ ಮೇಲೆ ಹೋಗಿದ್ದಿರಾ? ಆದರೂ ಅರ್ಜಿ ಹೋಗಬೇಕಾದ್ದು ಮೂಲ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಗಾಯವಾದಾಗಿನ ಯೂನಿಟ್ ಹೆಸರನ್ನು ಒಳಗೆ ಬರೆಯಬೇಕು ಅಷ್ಟೇ.

ಹಂತ 4: ಪದಕ ಕೇಳುವ ಮುನ್ನ ದಾಖಲೆ ಕೇಳಿ

ಸೈನ್ಯದಲ್ಲಿ ಮನುಷ್ಯನ ಬದುಕಿನಲ್ಲಿ ನಡೆಯುವುದೆಲ್ಲ ಪಾರ್ಟ್ ಟು ಆರ್ಡರ್ ಎಂಬ ಕಾಗದದಲ್ಲಿ ಪ್ರಕಟವಾಗಬೇಕು. ರಜೆ, ಮದುವೆ, ಮಗು ಹುಟ್ಟಿದ್ದು, ಆಸ್ಪತ್ರೆ ಸೇರಿದ್ದು, ಗಾಯ, ಬಡ್ತಿ. ನಾವು ಕ್ಲರ್ಕುಗಳು ಯಾವ ಮಾತಿಗೂ "ಪಾರ್ಟ್ ಟು ಆಗಿದೆಯಾ?" ಎಂದೇ ಕೇಳುತ್ತಿದ್ದದ್ದು. ಆಗಿದ್ದರೆ ಆಯಿತು, ಇಲ್ಲದಿದ್ದರೆ ಕಾಗದದ ಮಟ್ಟಿಗೆ ಅದು ನಡೆದೇ ಇಲ್ಲ. ನಿಮ್ಮ ಗಾಯದ ಪಾರ್ಟ್ ಟು ಆರ್ಡರ್ ನಂಬರ್ ಸಿಕ್ಕರೆ ಪದಕಕ್ಕೆ ಬೇರೆ ವಾದವೇ ಬೇಕಾಗಿಲ್ಲ.

ಅದನ್ನು ಪಡೆಯಲು ಮಾಹಿತಿ ಹಕ್ಕು ಅರ್ಜಿಯೇ ನೇರ ದಾರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ರೆಕಾರ್ಡ್ ಆಫೀಸಿನ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿ ಹೆಸರಿಗೆ ಬರೆಯಬಹುದು, ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಸೇನೆಗೂ ಹಾಕಬಹುದು. ತಪ್ಪು ಕಚೇರಿಗೆ ಹೋದರೆ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಉತ್ತರಕ್ಕೆ 30 ದಿನ.

ಕೇಳುವುದು ಹೇಗೆ ಎಂಬುದರಲ್ಲಿ ಎಲ್ಲ ಇದೆ. ‘ನನಗೇಕೆ ಪದಕ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಬಿಡುತ್ತಾರೆ. ಕಾಗದ ಕೇಳಿ:

- ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನನ್ನ ಗಾಯ ಮತ್ತು ಆಸ್ಪತ್ರೆ ದಾಖಲಾತಿ ಕುರಿತು ಪ್ರಕಟವಾದ ಪಾರ್ಟ್ ಟು ಆರ್ಡರ್‌ಗಳ ಪ್ರತಿ
- ನನ್ನ ಶೀಟ್ ರೋಲ್‌ನಲ್ಲಿ (ಸೇವಾ ದಾಖಲೆ) ಗಾಯ ಮತ್ತು ಪದಕಗಳ ನಮೂದು ಇರುವ ಪುಟಗಳ ಪ್ರತಿ
- ನನ್ನ ಎಲ್ಲ ಮೆಡಿಕಲ್ ಬೋರ್ಡ್ ನಡಾವಳಿಗಳ ಮತ್ತು ಇಂಜುರಿ ರಿಪೋರ್ಟ್‌ನ ಪ್ರತಿ
- ವೂಂಡ್ ಮೆಡಲ್ ಮಂಜೂರಾಗಿದ್ದರೆ ಆದೇಶದ ಪ್ರತಿ, ಎಲ್ಲಿಗೆ ಯಾವಾಗ ರವಾನೆಯಾಯಿತು ಎಂಬ ದಾಖಲೆ
- ದಾಖಲೆ ನಾಶವಾಗಿದ್ದರೆ ನಾಶಪಡಿಸಿದ ಬೋರ್ಡಿನ ನಡಾವಳಿ ಮತ್ತು ನನ್ನ ಲಾಂಗ್ ರೋಲ್ ನಮೂದಿನ ಪ್ರತಿ

ಕೊನೆಯದನ್ನು ಮರೆಯಬೇಡಿ. ಪಿಂಚಣಿ ಇಲ್ಲದೆ ಸೇವೆ ಬಿಟ್ಟವರ ಕಡತವನ್ನು 25 ವರ್ಷವಾದ ಮೇಲೆ ನಾಶ ಮಾಡಲು ಸೇನೆಯ ನಿಯಮದಲ್ಲೇ ಅವಕಾಶವಿದೆ. ಆಗಲೂ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನಲ್ಲಿ ಒಬ್ಬೊಬ್ಬನಿಗೆ ಒಂದು ಸಾಲು ಉಳಿದಿರುತ್ತದೆ. ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದಾಗ ಸುಮ್ಮನಾಗಿಬಿಡುವವರೇ ಹೆಚ್ಚು. ಪಿಂಚಣಿದಾರರಿಗೆ ಅಂಥ ಉತ್ತರ ಬಂದರೆ ಅದು ನಂಬುವ ಮಾತಲ್ಲ, ಪಿಂಚಣಿ ಕೊಡುತ್ತಿರುವುದೇ ಆ ಕಡತದ ಆಧಾರದ ಮೇಲೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಅರೆಬರೆಯಾಗಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೆ ಶುಲ್ಕವಿಲ್ಲ. ಅದರ ಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಸಿಆರ್‌ಪಿಎಫ್, ಬಿಎಸ್‌ಎಫ್, ಅಸ್ಸಾಂ ರೈಫಲ್ಸ್‌ನಲ್ಲಿದ್ದವರಿಗೆ ಈ ದಾರಿ ಇಕ್ಕಟ್ಟು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ವಿಷಯ ಬಿಟ್ಟರೆ ಆ ಪಡೆಗಳು ಮಾಹಿತಿ ಹಕ್ಕು ಕಾಯ್ದೆಯ ಹೊರಗಿವೆ. ಅವರು ತಮ್ಮ ಬೆಟಾಲಿಯನ್ ಮೂಲಕ ನೇರ ಮನವಿಯನ್ನೇ ನೆಚ್ಚಿಕೊಳ್ಳಬೇಕು.

ಹಂತ 5: ಒಂದು ಪುಟದ ಅರ್ಜಿ

ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಿರಿ. ಮೊಮ್ಮಕ್ಕಳು ಟೈಪ್ ಮಾಡಿಕೊಡಲಿ, ಸಹಿ ಮಾತ್ರ ಪಿಂಚಣಿ ಕಾಗದದಲ್ಲಿರುವ ಹಾಗೆಯೇ ಇರಲಿ. ಒಳಗಿನ ವಿಷಯ ಇಷ್ಟು ಸಾಕು:

‘ವಿಷಯ: ಕಾರ್ಯಾಚರಣೆಯಲ್ಲಿ ಶತ್ರು ದಾಳಿಯಿಂದಾದ ಗಾಯಕ್ಕೆ ವೂಂಡ್ ಮೆಡಲ್ ನೀಡುವ ಕುರಿತು. ನಂಬರ್, ರ್‍ಯಾಂಕ್, ಹೆಸರು.

ನಾನು ಇಂಥ ದಿನ ಭರ್ತಿಯಾಗಿ ಇಂಥ ದಿನ ಇಂಥ ಬೆಟಾಲಿಯನ್‌ನಿಂದ ನಿವೃತ್ತನಾದವನು. ಆಪರೇಷನ್ ಪವನ್ ಸಮಯದಲ್ಲಿ, 1987ರ ಅಕ್ಟೋಬರ್ ಇಂಥ ತಾರೀಕು, ಜಾಫ್ನಾ ಹತ್ತಿರ ಇಂಥ ಜಾಗದಲ್ಲಿ ಉಗ್ರರ ಗುಂಡು ತಗುಲಿ ಎಡತೊಡೆಗೆ ಗಾಯವಾಯಿತು. ಇಂಥ ಮಿಲಿಟರಿ ಆಸ್ಪತ್ರೆಯಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಇದ್ದೆ. ಪಾರ್ಟ್ ಟು ಆರ್ಡರ್ ನಂಬರ್ ಇಂಥದ್ದು, ಪ್ರತಿ ಲಗತ್ತಿಸಿದೆ. ಇದುವರೆಗೆ ಪದಕ ಬಂದಿಲ್ಲ. ಈ ಪದಕಕ್ಕೆ ನಾನು ಅರ್ಹನೆಂಬುದು ನಿವೃತ್ತಿಯ ನಂತರ ತಿಳಿದದ್ದರಿಂದ ತಡವಾಗಿದೆ. ಪದಕ ಮತ್ತು ಅದರ ಪಾರ್ಟ್ ಟು ಆರ್ಡರ್ ಪ್ರತಿಯನ್ನು ನೀಡಬೇಕು. ಸಾಧ್ಯವಿಲ್ಲದಿದ್ದರೆ ಕಾರಣ ತಿಳಿಸಿ ಲಿಖಿತ ಉತ್ತರ ಕೊಡಬೇಕು.’

ಕೊನೆಯ ವಾಕ್ಯ ಸೌಜನ್ಯಕ್ಕಲ್ಲ. ಮುಂದೆ ನ್ಯಾಯಮಂಡಳಿಗೆ ಹೋಗುವ ಪ್ರಸಂಗ ಬಂದರೆ ಕಾರಣ ಬರೆದ ಆ ಕಾಗದವೇ ಬೇಕಾಗುತ್ತದೆ. ತಡವಾದದ್ದಕ್ಕೆ ಒಂದು ಸಾಲಿಗಿಂತ ಹೆಚ್ಚು ಬರೆಯಬೇಡಿ, ಕ್ಷಮೆ ಬೇಡಬೇಡಿ. ತಾರೀಕು ಖಚಿತವಾಗಿ ನೆನಪಿಲ್ಲದಿದ್ದರೆ ಊಹಿಸಿ ಬರೆಯುವುದಕ್ಕಿಂತ ‘ಅಕ್ಟೋಬರ್ ಎರಡನೇ ವಾರ’ ಎನ್ನುವುದು ಲೇಸು. ದಾಖಲೆಯ ತಾರೀಕಿಗೂ ಅರ್ಜಿಯ ತಾರೀಕಿಗೂ ತಾಳೆಯಾಗದಿದ್ದರೆ ಅನುಮಾನ ಶುರುವಾಗುತ್ತದೆ.

ಲಗತ್ತು: ಡಿಸ್ಚಾರ್ಜ್ ಬುಕ್‌ನ ಸಂಬಂಧಪಟ್ಟ ಪುಟಗಳು, ವೈದ್ಯಕೀಯ ಕಾಗದ, ಆರ್‌ಟಿಐನಲ್ಲಿ ಬಂದ ಪ್ರತಿಗಳು, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಅಗತ್ಯವಿದ್ದರೆ ಹೆಸರಿನ ಅಫಿಡವಿಟ್. ಪ್ರತಿ ಹಾಳೆಗೂ ಪುಟ ಸಂಖ್ಯೆ ಹಾಕಿ, ಮೇಲ್ಗಡೆ ಸರ್ವಿಸ್ ನಂಬರ್ ಬರೆಯಿರಿ. ಕಡತದಿಂದ ಒಂದು ಹಾಳೆ ಕಳಚಿದರೂ ಎಲ್ಲಿಗೆ ಸೇರಿದ್ದೆಂದು ಗೊತ್ತಾಗುತ್ತದೆ.

ದಾಖಲೆ ಏನೂ ಸಿಗದಿದ್ದರೆ

ಆಗ ಸಾಕ್ಷಿ. ಎಲ್ಲ ಸಾಕ್ಷಿಯೂ ಒಂದೇ ತೂಕವಲ್ಲ. ಅಂದಿನ ಕಂಪನಿ ಕಮಾಂಡರ್ ಅಥವಾ ಬೆಟಾಲಿಯನ್ ಡಾಕ್ಟರ್ ಬದುಕಿದ್ದು ಒಂದು ಅಫಿಡವಿಟ್ ಕೊಟ್ಟರೆ ಅದರ ತೂಕವೇ ಬೇರೆ. ಅದಿಲ್ಲದಿದ್ದರೆ ಅದೇ ಸೆಕ್ಷನ್‌ನಲ್ಲಿದ್ದ ಜೊತೆಗಾರ, ಅದರಲ್ಲೂ ಅದೇ ಘಟನೆಯಲ್ಲಿ ಗಾಯಗೊಂಡು ಪದಕ ಪಡೆದವನಿದ್ದರೆ ಉತ್ತಮ. ಅವನ ಪಾರ್ಟ್ ಟು ಆರ್ಡರ್‌ನಲ್ಲೇ ನಿಮ್ಮ ಹೆಸರೂ ಇರುವ ಸಾಧ್ಯತೆ ಇದೆ, ಮೊದಲು ಅದನ್ನೇ ತರಿಸಿ ನೋಡಿ. ಬೆಟಾಲಿಯನ್‌ನ ಹಳಬರ ವಾಟ್ಸ್ಆ್ಯಪ್ ಗುಂಪು, ರೈಸಿಂಗ್ ಡೇಗೆ (ಬೆಟಾಲಿಯನ್ ಹುಟ್ಟಿದ ದಿನ) ಬರುವ ಆಹ್ವಾನ, ಊರಿನ ಮಾಜಿ ಸೈನಿಕರ ಸಂಘ, ಇವೇ ಜನ ಸಿಗುವ ಜಾಗ. ಅಫಿಡವಿಟ್‌ನಲ್ಲಿ ಅವರ ಸರ್ವಿಸ್ ನಂಬರ್, ಅಂದು ಯಾವ ಹುದ್ದೆಯಲ್ಲಿದ್ದರು, ಕಣ್ಣಾರೆ ಕಂಡದ್ದೇನು ಎಂಬುದು ಬೇಕು. "ನಮ್ಮ ಯಜಮಾನ್ರು ಬಹಳ ಧೈರ್ಯವಂತರು" ಎಂದು ಊರ ಹಿರಿಯರು ಬರೆದುಕೊಡುವ ಪತ್ರದಿಂದ ಏನೂ ಆಗುವುದಿಲ್ಲ.

ಎಕ್ಸ್-ರೇ ತೆಗೆಸಬೇಕೇ ಎಂದು ಕೇಳುತ್ತಾರೆ. ಮೈಯಲ್ಲಿ ಚೂರು ಉಳಿದಿದ್ದರೆ ತೆಗೆಸಿ, ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲೋ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೋ ಸಾಕು, ತೊಡೆಯಲ್ಲಿ ಲೋಹದ ತುಣುಕು ಇದೆ ಎಂದು ರೇಡಿಯಾಲಜಿಸ್ಟ್ ಬರೆದುಕೊಡಲಿ. ಆ ತುಣುಕು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಎಕ್ಸ್-ರೇ ಹೇಳುವುದಿಲ್ಲ. ಸಾಕ್ಷಿಯ ಮಾತಿಗೆ ಅದು ಒತ್ತಾಸೆ, ಒಂಟಿಯಾಗಿ ನಿಲ್ಲುವುದಿಲ್ಲ.

ಹಂತ 6: ಕಳಿಸುವುದು, ಬೆನ್ನು ಹತ್ತುವುದು

ಎರಡು ಪ್ರತಿ ಮಾಡಿ. ಒಂದನ್ನು ಸ್ಪೀಡ್ ಪೋಸ್ಟ್‌ನಲ್ಲಿ ನೇರವಾಗಿ ರೆಕಾರ್ಡ್ ಆಫೀಸಿಗೆ. ಇನ್ನೊಂದನ್ನು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕೊಟ್ಟು, ಅವರ ಮುಖಪತ್ರದೊಂದಿಗೆ ಕಳಿಸಲು ಕೇಳಿ. ಸರ್ಕಾರಿ ಕಚೇರಿಯಿಂದ ಬಂದ ಪತ್ರಕ್ಕೆ ಉತ್ತರ ಕೊಡುವ ಜವಾಬ್ದಾರಿ ಹೆಚ್ಚು. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆದ್ದರಿಂದ ಕಚೇರಿ ಎಲ್ಲಿದೆ, ಯಾರನ್ನು ಕಾಣಬೇಕು ಎಂಬುದು ಡಿಸಿ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಎರಡು ಮೂರು ತಿಂಗಳು ಕಾದು ನೆನಪಿನ ಪತ್ರ ಬರೆಯಿರಿ. ಪ್ರತಿ ಸಲ ಹೊಸ ಅರ್ಜಿ ಹಾಕಬೇಡಿ, ಹಳೆಯ ಅರ್ಜಿಯ ತಾರೀಕು ಉಲ್ಲೇಖಿಸಿ. ಹೊಸದು ಹೋದರೆ ಹೊಸ ಕಡತ ತೆರೆಯುತ್ತದೆ, ಹಳೆಯದು ಎಲ್ಲಿಗೆ ಬಂದಿತ್ತೋ ಅಲ್ಲೇ ಕೂರುತ್ತದೆ. ಉತ್ತರವೇ ಬರದಿದ್ದರೆ ಕೇಂದ್ರದ ಕುಂದುಕೊರತೆ ಪೋರ್ಟಲ್ ಆದ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿ, ನೋಂದಣಿ ಸಂಖ್ಯೆ ಇಟ್ಟುಕೊಳ್ಳಿ.

"ನನಗೆ ದೆಹಲಿಯಲ್ಲಿ ಜನ ಇದ್ದಾರೆ, ಇಷ್ಟು ಕೊಡಿ ಮಾಡಿಸಿಕೊಡ್ತೀನಿ" ಎಂದು ಬರುವವರನ್ನು ಬಾಗಿಲಿಂದಲೇ ಕಳಿಸಿ. ಹಕ್ಕಿನಿಂದ ಬರುವ ಪದಕಕ್ಕೆ ಸರ್ಕಾರ ದುಡ್ಡು ಕೇಳುವುದಿಲ್ಲ. ಪೇಟೆಯಲ್ಲಿ ಪದಕದ ನಕಲು ಸಿಗುತ್ತದೆ ಎಂದು ಕೊಂಡು ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಆಗುವುದಿಲ್ಲ ಎಂದರೆ

ಮೊದಲು ಕಾರಣ ಓದಿ. ‘ದಾಖಲೆಯಲ್ಲಿ ಗಾಯವಿಲ್ಲ’ ಎಂದಿದ್ದರೆ ಸಾಕ್ಷಿ, ಆಸ್ಪತ್ರೆ ಕಾಗದ ಸೇರಿಸಿ ಮತ್ತೆ ಮನವಿ ಮಾಡಬಹುದು. ‘ಗಾಯವಿದೆ, ಶತ್ರು ದಾಳಿಯಲ್ಲ’ ಎಂದಿದ್ದರೆ ವಿಷಯ ಕಾನೂನಿನದು. ಅದಕ್ಕೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2007ರ ಕಾಯ್ದೆಯಡಿ ರಚನೆಯಾದದ್ದು. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಮನವಿ ಕೊಟ್ಟು 6 ತಿಂಗಳಾದರೂ ಉತ್ತರವೇ ಇಲ್ಲದಿದ್ದರೆ ಅಲ್ಲಿಂದ ಮತ್ತೆ 6 ತಿಂಗಳ ಅವಕಾಶ. ಅವಧಿ ಮೀರಿದ್ದರೆ ತಡವನ್ನು ಮನ್ನಿಸುವಂತೆ ಪ್ರತ್ಯೇಕವಾಗಿ ಕೇಳಿಕೊಳ್ಳಬಹುದು. ವಕೀಲರಿಲ್ಲದೆಯೂ ವಾದಿಸಬಹುದು, ಆದರೂ ಸೇನಾ ವಿಷಯ ಬಲ್ಲ ವಕೀಲರನ್ನು ಒಮ್ಮೆ ಕಾಣುವುದು ಒಳ್ಳೆಯದು. ಸಿಆರ್‌ಪಿಎಫ್, ಬಿಎಸ್‌ಎಫ್‌ನವರು ಈ ನ್ಯಾಯಮಂಡಳಿಗೆ ಬರುವುದಿಲ್ಲ, ಅವರಿಗೆ ಹೈಕೋರ್ಟ್. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಹೈಕೋರ್ಟಿನ ಬೆಂಗಳೂರು ಪೀಠಕ್ಕೆ ಸೇರುತ್ತವೆ, ಧಾರವಾಡಕ್ಕಲ್ಲ.

ಯಜಮಾನರು ತೀರಿಕೊಂಡಿದ್ದರೆ

ಪತ್ನಿ ಅರ್ಜಿ ಹಾಕಬಹುದು, ಅವರಿಲ್ಲದಿದ್ದರೆ ಮಕ್ಕಳು. ಮೇಲಿನ ಕ್ರಮವೇ. ಜೊತೆಗೆ ಮರಣ ಪ್ರಮಾಣಪತ್ರ, ಕುಟುಂಬ ಪಿಂಚಣಿಯ ಪಿಪಿಓ, ಸಂಬಂಧದ ಪುರಾವೆ ಬೇಕು. ಹಲವು ಮಕ್ಕಳಿದ್ದರೆ ಯಾರ ಕೈಗೆ ಪದಕ ಕೊಡಬೇಕು ಎಂಬುದಕ್ಕೆ ಉಳಿದವರ ಒಪ್ಪಿಗೆ ಪತ್ರ ಮೊದಲೇ ಇಟ್ಟುಬಿಡಿ. ಆಸ್ತಿ ಭಾಗವಾದ ಮನೆಗಳಲ್ಲಿ ಇಂಥ ಸಣ್ಣ ವಸ್ತುವಿಗೇ ದೊಡ್ಡ ಜಗಳ ಆಗುತ್ತದೆ.

ಪಿಂಚಣಿಯ ವಿಷಯ ಬೇರೆ ಇಡಿ

ಪದಕದಿಂದ ತಿಂಗಳಿಗೆ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಆದರೆ ಇದಕ್ಕಾಗಿ ತೆಗೆಸಿದ ದಾಖಲೆಯಲ್ಲಿ ‘ಬ್ಯಾಟಲ್ ಕ್ಯಾಶುಯಲ್ಟಿ’ ಎಂದಿದ್ದು, ನಿಮಗೆ ಬರುತ್ತಿರುವುದು ಸಾಮಾನ್ಯ ಅಂಗವೈಕಲ್ಯ ಪಿಂಚಣಿಯಾಗಿದ್ದರೆ ಅಲ್ಲಿ ದೊಡ್ಡ ವ್ಯತ್ಯಾಸ ಇರಬಹುದು. ರಕ್ಷಣಾ ಸಚಿವಾಲಯದ 31-1-2001ರ ಆದೇಶ ಅಂಗವೈಕಲ್ಯವನ್ನು ಎ ಯಿಂದ ಇ ವರೆಗೆ ವಿಂಗಡಿಸುತ್ತದೆ. ಇ ವರ್ಗ ಯುದ್ಧ, ಗಡಿ ಚಕಮಕಿ, ಸರ್ಕಾರ ಅಧಿಸೂಚಿಸಿದ ಕಾರ್ಯಾಚರಣೆಗಳ ಗಾಯಗಳಿಗೆ, ಅವರಿಗೆ ವಾರ್ ಇಂಜುರಿ ಪಿಂಚಣಿ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ. ಎರಡನ್ನೂ ಒಂದೇ ಪತ್ರದಲ್ಲಿ ತುರುಕಿದರೆ ರೆಕಾರ್ಡ್ ಆಫೀಸಿನ ಪಿಂಚಣಿ ವಿಭಾಗ, ಪದಕ ವಿಭಾಗ ಎರಡೂ ಇನ್ನೊಬ್ಬರು ನೋಡಲಿ ಎಂದು ಕಾಯುತ್ತವೆ.

ಪದಕ ಬಂದ ದಿನ

ಅಂಚೆಯವನ ಮುಂದೆಯೇ ಪೊಟ್ಟಣ ತೆರೆದು ಪದಕದ ಅಂಚನ್ನು ತಿರುಗಿಸಿ ನೋಡಿ. ಸುತ್ತ ಕೊರೆದಿರುವ ನಂಬರ್, ಹೆಸರು ನಿಮ್ಮದೇ ಎಂದು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಧರಿಸದೆ, ತಪ್ಪಿನ ಫೋಟೋ ತೆಗೆದು ಪತ್ರದೊಂದಿಗೆ ವಾಪಸ್ ಕಳಿಸಿ. ಸರಿಯಿದ್ದರೆ ಪಾರ್ಟ್ ಟು ಆರ್ಡರ್ ಪ್ರತಿಯೂ ಬಂದಿದೆಯೇ ನೋಡಿ, ಇಲ್ಲದಿದ್ದರೆ ತರಿಸಿಕೊಂಡು ಡಿಸ್ಚಾರ್ಜ್ ಬುಕ್‌ನ ಪದಕಗಳ ಕಾಲಂನಲ್ಲಿ ನಮೂದು ಮಾಡಿಕೊಡಲು ಕೋರಿ ಬರೆಯಿರಿ. ಧರಿಸುವಾಗ ಎಡ ಎದೆಯ ಮೇಲೆ, ಪೂರ್ವಿ ಸ್ಟಾರ್, ವಿಜಯ್ ಸ್ಟಾರ್‌ನಂಥ ಕಾರ್ಯಾಚರಣೆ ಪದಕಗಳಿಗಿಂತ ಮುಂದೆ ಇದರ ಸ್ಥಾನ. ಹಳೆಯ ಪದಕಗಳನ್ನು ಒಂದೇ ಪಟ್ಟಿಗೆ ಹೊಲಿಸಿದ್ದರೆ ಬಿಚ್ಚಿಸಿ, ಕ್ರಮ ಸರಿ ಮಾಡಿ ಮತ್ತೆ ಹೊಲಿಸಬೇಕಾಗುತ್ತದೆ.